ಹೊಲ, ಹೊಲೆ, ಹೊಲೆಯ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ 615 ಎಕರೆ ವಿಸ್ತಾರವುಳ್ಳ ಹೆಲಿಕಾಪ್ಟರ್ ಕಾರ್ಖಾನೆಯ ಪ್ರಾರಂಭೋತ್ಸವವು ನೆರವೇರಿತು. ಕಾವಲ್ ಎಂದರೆ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುನೆಲ. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ದನಗಳಿಗೆಂದು ಇಂತಹ ಕಾವಲುಗಳು ಅನೇಕ ಕಡೆ ಮೀಸಲಾಗಿದ್ದುವು. ಇಂದು ಆ ಊರಿನ ಹೆಸರನ್ನು ಕೇಳಿದವರು ದನವನ್ನಾಗಲಿ ಹುಲ್ಲನ್ನಾಗಲಿ ನೆನೆಯುವುದಿಲ್ಲ. ಶಬ್ದವು ನಿಂತಲ್ಲಿಯೇ ನಿಂತಿತು, ಅರ್ಥವು ಹೊರಟುಹೋಯಿತು. ನೆಲದ ಹೆಸರಿನಲ್ಲಿ ಇದರಿಂದ ಯಾರಿಗೂ ನೋವಿಲ್ಲ. ಮನುಷ್ಯರ ಹೆಸರಿನಲ್ಲಿ ಇದೇ ವ್ಯಾಪಾರವು ನಡೆದಾಗ ಮಾತು ಬೇರೆಯಾಗುವುದು. ಅಂತಹ ಹೆಸರುಗಳಲ್ಲಿ 'ಹೊಲೆಯ' ಎಂಬುದು ಮೊದಲನೆಯದು. ಕನ್ನಡನಾಡಿನಲ್ಲಿ ಅದು ಜಾತಿಯ ಹೆಸರೂ ಹೌದು, ಬೈಗುಳವೂ ಹೌದು. ಬೈಯುವವರಿಗೆ ಎರಡರ ನಡುವಣ ಭೇದವು ಎಂದೂ ಬೇಕಾಗಿರಲಿಲ್ಲ.

ಈ ಶಬ್ದದ ಹುಟ್ಟನ್ನು ಕುರಿತು ಎರಡು ಪಕ್ಷಗಳುಂಟು. ಹೊಲೆ ಎಂದರೆ ಅಶೌಚ, ಅದರಿಂದ ಹೊಲೆಯನೆಂಬುದು ಒಂದು ಪಕ್ಷ. ಹೊಲವೇ ಮೂಲ, ಹೊಲೆಯನೆಂದರೆ ಹೊಲದವನು, ನೆಲದ ಮೂಲ ಒಡೆಯನೆಂಬುದು ಇನ್ನೊಂದು. 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯಲ್ಲಿಯೇ ಈ ಎರಡೂ ಮಾತುಗಳು ಜೊತೆಯಾಗಿ ಬಂದಿವೆ; ಮೊದಲನೆಯದನ್ನು ಹೇಳುವವರು ಬ್ರಾಹ್ಮಣರು, ಎರಡನೆಯದನ್ನು ಹೇಳುವವರು ಇತರರು ಎಂದು ಅಲ್ಲಿ ನಮೂದಿಸಲಾಗಿದೆ. ನಿರುಕ್ತವೂ ಹೇಳುವವನ ಕೇರಿಯನ್ನು ನೋಡಿ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ವ್ಯಾಕರಣವನ್ನು ಮಾತ್ರ ಕೇಳಿದರೆ ಅದು ಮೊದಲನೆಯ ಪಕ್ಷದ ಕಡೆಗೆ ವಾಲುವುದೆಂದು ಒಪ್ಪಬೇಕು. ಹಳಗನ್ನಡದಲ್ಲಿ ಪೊಲವೆಂದೂ ಪೊಲೆಯೆಂದೂ ಇದ್ದ ಶಬ್ದಗಳು ಪಕಾರವು ಹಕಾರವಾಗಿ ಹೊಲ, ಹೊಲೆ ಎಂದಾದುವು. ಪೊಲೆ ಎಂಬ ಎಕಾರಾಂತ ಶಬ್ದಕ್ಕೆ ಯಕಾರಾಗಮವಾಗಿ ಪೊಲೆಯನೆಂಬುದು ಸುಲಭವಾಗಿ ಸಿದ್ಧಿಸುವುದು. ಪೊಲದಿಂದ ಆ ರೂಪವನ್ನು ಪಡೆಯುವುದಕ್ಕೆ ಪ್ರಯಾಸಪಡಬೇಕು. ತಮಿಳಿನಲ್ಲಿಯೂ ಪುಲಂ ಎಂದರೆ ನೆಲ, ಪುಲೈ ಎಂದರೆ ಕೀಳ್ತನ, ಅಶುದ್ಧಿ; ಮಲೆಯಾಳದ ಪುಲಯರ ಹೆಸರಿನ ಮೇಲೆಯೂ ಇದೇ ಜಗಳವಿದೆ. ಬರೋ ಮತ್ತು ಎಮೆನೋ ವಿದ್ವಾಂಸರು ತಮ್ಮ ದ್ರಾವಿಡ ನಿಘಂಟಿನಲ್ಲಿ ಈ ಹೆಸರನ್ನು ಅಶುದ್ಧಿಯ ಗುಂಪಿನಲ್ಲಿಯೇ ಇರಿಸಿದ್ದಾರೆ. ಅಭಿಮಾನಕ್ಕಾಗಿ ಹೊಲದ ನಿರುಕ್ತಿಯನ್ನು ಹಿಡಿದವರಿಗೆ ಇದು ಪ್ರಿಯವಾಗಲಾರದು.

ಆದರೆ ಹೊಲೆ ಎಂಬುದು ಏನು? ಹೆಂಗಸರ ಮುಟ್ಟು ಹೊಲೆ. ಹೆರಿಗೆಯ ಅಶೌಚವೂ ಹೊಲೆ. ಇವುಗಳೊಡನೆ ಸಾವಿನ ಸೂತಕವನ್ನೂ ಎಣಿಸಿದರೆ, ಶುದ್ಧಿಯನ್ನು ಬಹಳವಾಗಿ ಆಡುವ ಮನೆಗಳೂ ಸೇರಿ, ಮೈಲಿಗೆಯು ಬಾರದ ಮನೆಯು ಲೋಕದಲ್ಲಿ ಒಂದೂ ಇಲ್ಲ. ನಿಯಮವನ್ನು ಮಾಡಿದವರೇ ಅದಕ್ಕೆ ಅವಧಿಯನ್ನೂ ಇಟ್ಟರು: ಮೂರು ದಿನ, ಹತ್ತು ದಿನ, ಬಳಿಕ ಒಂದು ಸ್ನಾನ, ಅಲ್ಲಿಗೆ ತೀರಿತು. ಎಲ್ಲರ ಮೇಲೂ ಬಂದು ಹೋಗತಕ್ಕ ಒಂದು ಸ್ಥಿತಿಯ ಹೆಸರನ್ನು ತೆಗೆದುಕೊಂಡು ಒಂದು ಜನದ ಮೇಲೆ ಹೊರಿಸಿ, ಅವರಿಗೆ ಮಾತ್ರ ಅವಧಿಯಿಲ್ಲವೆಂದೂ ಸ್ನಾನವಿಲ್ಲವೆಂದೂ ವಿಧಿಸಿದರು. ಅನ್ಯಾಯವಿರುವುದು ಇಲ್ಲಿ. ಧಾತುವನ್ನು ತಿದ್ದಿ ಹೊಲವೆಂದು ಮಾಡಿದರೂ ಈ ವಿಧಿಯು ತಿದ್ದಿದಂತಾಗುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಈ ಗಂಟನ್ನು ಬೇರೆ ವಿಧದಿಂದ ಬಿಚ್ಚಲು ನೋಡಿದರು: ಹೊಲೆಯು ಹುಟ್ಟಿನಲ್ಲಿಲ್ಲ, ನಡತೆಯಲ್ಲಿದೆ ಎಂದರು. ಅದು ಮಹಾ ಧೈರ್ಯದ ಮಾತು. ಆದರೂ ಕೆಟ್ಟವನನ್ನು ಹೊಲೆಯನೆಂದು ಕರೆಯುವಾಗ ಒಳ್ಳೆಯ ಹೊಲೆಯನ ಹೆಸರು ಬೈಗುಳವಾಗಿಯೇ ಉಳಿಯಿತೆಂಬುದನ್ನು ಮರೆಯಲಾಗದು.

ಮೂಲವು ನಿರ್ಮಲವಾಗಿದ್ದರೆ ಶಬ್ದವು ನಿರ್ಮಲವಾಗಿರುವುದೆಂದೂ ಇಲ್ಲ. ಸಿನಿಮಾ ನೋಡುವವರೆಲ್ಲರೂ ಬಲ್ಲ 'ವಿಲನ್' ಎಂಬ ಶಬ್ದವನ್ನೇ ನೋಡಬಹುದು. ಲ್ಯಾಟಿನ್ ಭಾಷೆಯಲ್ಲಿ ವಿಲ್ಲಾ ಎಂದರೆ ಬೇಸಾಯದ ಜಮೀನಿನ ಮನೆ. ಅಲ್ಲಿ ದುಡಿಯುವವನೇ ವಿಲನ್. ಒಡೆಯರು ತಮ್ಮ ಆಳನ್ನು ಹೀನವಾಗಿ ಕಂಡು ಕಂಡು, ಕಡೆಗೆ ಹೊಲದವನೆಂಬ ಹೆಸರೇ ದುಷ್ಟನೆಂಬ ಅರ್ಥವನ್ನು ತಾಳಿತು. ಹೊಲದ ನಿರುಕ್ತಿಯು ನಿಜವಾಗಿದ್ದರೂ ತಿರಸ್ಕಾರಕ್ಕೆ ಅದು ಅಡ್ಡಿಯಾಗುತ್ತಿರಲಿಲ್ಲ.

ಹಾಗೆಂದು ಹೊಲದ ಪಕ್ಷವನ್ನು ನಕ್ಕು ಬಿಡತಕ್ಕದ್ದಲ್ಲ. ಅದರ ಬಲವು ವ್ಯಾಕರಣದಲ್ಲಿಲ್ಲ, ಆಚಾರದಲ್ಲಿದೆ. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಮೆಕೆಂಜಿ ಎಂಬವನು 1873ರಲ್ಲಿ ಬರೆದಿಟ್ಟಂತೆ, ಗ್ರಾಮದ ಎಲ್ಲೆಗೆ ವಿವಾದವು ಬಂದಾಗ ಪ್ರಮಾಣ ಮಾಡಿ ಎಲ್ಲೆಯನ್ನು ತೋರಿಸುವ ಅಧಿಕಾರವು ಹೊಲೆಯರ ಕುಳವಾಡಿಗೆ ಮಾತ್ರ ಇತ್ತು. ಊರಿನ ಮಣ್ಣಿನ ಉಂಡೆಯೊಳಗೆ ನೀರಿಟ್ಟು, ಅದನ್ನು ತಲೆಯ ಮೇಲೆ ಹೊತ್ತು ಅವನು ಎಲ್ಲೆಯ ಗುಂಟ ನಡೆಯಬೇಕು. ಉಂಡೆಯು ಒಡೆದರೆ ಅವನಿಗೆ ಸಾವು ತಪ್ಪದೆಂದು ನಂಬಿಕೆ. ಊರೊಳಗೆ ಬರಬಾರದವನ ಮಾತಿನ ಮೇಲೆ ಊರಿನ ನೆಲವೇ ನಿಂತಿತ್ತು! ಶಿವರಾಮ ಕಾರಂತರ 'ಚೋಮನ ದುಡಿ'ಯ (1933) ಚೋಮನು ಬಯಸಿದ್ದು ತನ್ನದೆನ್ನಬಹುದಾದ ಒಂದು ತುಂಡು ಬೇಸಾಯದ ಭೂಮಿಯನ್ನು. ಹೊಲೆಯನಾದ ಕಾರಣದಿಂದಲೇ ಅದು ದೊರೆಯಲಿಲ್ಲ. ಹೊಲದ ನಿರುಕ್ತಿಯನ್ನು ಹೇಳುವವರು ಹೇಳುತ್ತಿರುವುದು ವಾಸ್ತವದಲ್ಲಿ ಈ ಕಥೆಯನ್ನು. ಅದು ನಿಘಂಟಿನ ತಕರಾರಲ್ಲ, ಜಮೀನಿನ ತಕರಾರು.

ಬೈಗುಳವನ್ನು ಕಳೆಯಲು ಹೊಸ ಹೆಸರುಗಳನ್ನಿಡುವ ಪ್ರಯತ್ನವೂ ಹಳೆಯದು. ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರು 'ತಿರುಕುಲದವರು' ಎಂದು ಕರೆದರೆಂದು ಸಂಪ್ರದಾಯವು ಹೇಳುವುದು. ಆದರೆ ದೇವಾಲಯದ ಬಾಗಿಲು ಅವರಿಗೆ ವರ್ಷದಲ್ಲಿ ಕೆಲವು ದಿನ ಮಾತ್ರ ತೆರೆದಿತ್ತು. ಆಮೇಲೆ ಪಂಚಮರೆಂದರು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರಿನ ಕಾಗದಪತ್ರಗಳಿಗೆ 'ಆದಿಕರ್ನಾಟಕ'ವು ಬಂದಿತು. ಗಾಂಧಿಯವರು 'ಹರಿಜನ'ವೆಂಬ ಹೆಸರನ್ನು ಹಿಡಿದು 1933ರಲ್ಲಿ ಆ ಹೆಸರಿನ ಪತ್ರಿಕೆಯನ್ನೇ ಹೊರಡಿಸಿದರು. ಅಂಬೇಡ್ಕರರು 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆ ಹೆಸರನ್ನು ಪ್ರತಿಭಟಿಸಿ ತಮ್ಮವರೊಡನೆ ಹೊರನಡೆದರು. ಹೆಸರಿಟ್ಟವರ ಸದುದ್ದೇಶವನ್ನು ಸಂದೇಹಿಸಬೇಕಾದುದಿಲ್ಲ. ಹೆಸರು ಹೊರುವವರನ್ನು ಯಾರೂ ಕೇಳಲಿಲ್ಲವೆಂಬುದೇ ಕೊರತೆ. ಕೇರಿಯು ಊರಾಚೆಯೇ ಇರುವವರೆಗೆ, ಯಾವ ಹೆಸರನ್ನು ಒಗೆದು ಮಡಿ ಮಾಡಿ ತಂದರೂ ಕೆಲವು ವರ್ಷಗಳಲ್ಲಿ ಹಳೆಯ ಕಲೆಯು ಅದರಲ್ಲಿಯೂ ಕಾಣಿಸಿಕೊಳ್ಳುವುದು.

ನ್ಯಾಯಾಲಯದ ಮುಂದೆಯೂ ಈ ಪ್ರಶ್ನೆಯು ಬಂದಿತು. ಉತ್ತರದೇಶದಲ್ಲಿ ಚರ್ಮದ ಕಸುಬಿನಿಂದ ಬಂದ ಇಂತಹುದೇ ಒಂದು ಜಾತಿನಾಮವನ್ನು ಕುರಿತು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತು, ಶಬ್ದದ ವ್ಯುತ್ಪತ್ತಿಯನ್ನು ಹಿಡಿಯದೆ ಬಳಕೆಯಲ್ಲಿ ಅದಕ್ಕೆ ಬಂದಿರುವ ಅರ್ಥವನ್ನೇ ಹಿಡಿಯಬೇಕೆಂದೂ, ಅವಮಾನಿಸುವ ಉದ್ದೇಶದಿಂದ ಹಾಗೆ ಕರೆಯುವುದು 1989ರ ದೌರ್ಜನ್ಯ ತಡೆ ಕಾಯಿದೆಯಂತೆ ಅಪರಾಧವೆಂದೂ ಹೇಳಿತು. ಪಂಡಿತರ ಜಗಳವು ಆರೋಪಿಯ ರಕ್ಷಣೆಗೆ ಒದಗದಂತಾಯಿತು.

ಇಷ್ಟಾದರೂ ಆ ಶಬ್ದವು ಅಳಿಯಬೇಕೆಂಬ ತೀರ್ಮಾನವು ಅವಸರದ್ದು. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಕವನಸಂಗ್ರಹಕ್ಕೆ 'ಹೊಲೆಮಾದಿಗರ ಹಾಡು' ಎಂದೇ ಹೆಸರಿಟ್ಟರು. ಬೇರೆ ಬಾಯಲ್ಲಿ ಬೈಗುಳವಾದುದು ಅಲ್ಲಿ ಸ್ವಂತದ ಹೆಸರಾಯಿತು. ಐವತ್ತು ವರ್ಷಗಳ ಮೇಲೆ ಸರ್ಕಾರವೇ ಅದನ್ನು ಕೇಳಬೇಕಾಯಿತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯು ಸಂವಿಧಾನಕ್ಕೆ ಸಮ್ಮತವೆಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ತೀರ್ಪು ನೀಡಿದ ತರುವಾಯ, ನಿವೃತ್ತ ನ್ಯಾಯಮೂರ್ತಿ ನಾಗಮೋಹನ ದಾಸರ ಆಯೋಗವು 2025ರ ಮೇ ತಿಂಗಳಲ್ಲಿ ಮನೆಮನೆಯ ಸಮೀಕ್ಷೆಯನ್ನು ಆರಂಭಿಸಿತು. ಆದಿಕರ್ನಾಟಕ, ಆದಿದ್ರಾವಿಡ ಎಂಬ ಹೆಸರುಗಳು ಒಂದೊಂದು ಜಿಲ್ಲೆಯಲ್ಲಿ ಒಂದೊಂದು ಜಾತಿಯನ್ನು ಸೂಚಿಸುತ್ತಿದ್ದುದರಿಂದ, ಅವಮಾನವನ್ನು ಮರೆಸಲು ಇಟ್ಟ ಹೆಸರೇ ಪಾಲನ್ನೂ ಮರೆಸುವಂತಾಗಿತ್ತು. ಮೂಲಜಾತಿಯನ್ನು ಹೊಲೆಯ, ಮಾದಿಗ ಎಂದೇ ಬರೆಯಿಸಿರೆಂದು ಸಮುದಾಯದ ಮುಖಂಡರು ಸಾರಿದರು. ಬಹುಮಂದಿ ಹಾಗೆಯೇ ಬರೆಯಿಸಿದರು. ಬರೆಯಿಸದವರೂ ಸಣ್ಣ ಸಂಖ್ಯೆಯಲ್ಲಿರಲಿಲ್ಲ. ಆಯೋಗವು ಅವರಿಗಾಗಿ ಬೇರೆಯೇ ಒಂದು ಗುಂಪನ್ನು ಸೂಚಿಸಬೇಕಾಯಿತು. ತಮ್ಮ ಮೂಲವನ್ನು ಅರಿಯದವರು ಅವರಲ್ಲಿ ಕೆಲವರಿರಬಹುದು. ಉಳಿದವರಿಗೆ ಅದು ಚೆನ್ನಾಗಿ ಗೊತ್ತು; ಆದರೆ ಗಣತಿಯವರು ಬಾಗಿಲಲ್ಲಿ ನಿಂತು ಕೇಳುವಾಗ, ಬಾಡಿಗೆಯ ಮನೆಯ ಯಜಮಾನನ ಕಿವಿಯು ಪಕ್ಕದ ಗೋಡೆಯಾಚೆಯೇ ಇರುವುದು.