ತಾಯ್ತನ ಮತ್ತು ಸ್ವಾಧ್ಯಾಯ

ಗೃಹಸ್ಥರು ನಿತ್ಯವೂ ಆಚರಿಸಬೇಕಾದ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸ್ತಿಗಳ ನಂತರ ಸ್ವಾಧ್ಯಾಯಕ್ಕೆ ಸ್ಥಾನವಿದೆ. ಶ್ರಾವಕರಿಗೂ ಶ್ರಾವಿಕೆಯರಿಗೂ ಈ ವಿಧಿ ಸಮಾನ. ಆದರೂ ಮನೆಯಲ್ಲಿ ಮಗು ಹುಟ್ಟಿದೊಡನೆ ಮೊದಲು ನಿಂತುಹೋಗುವುದು ತಾಯಿಯ ಓದು. ಆ ಬಳಿಕ ಆಕೆಯ ಕೈಗೆ ಬರುವ ಪುಸ್ತಕಗಳು ಮಗುವಿಗೆ ಏನು ಉಣಿಸಬೇಕು, ಹೇಗೆ ಮಲಗಿಸಬೇಕು, ಪರೀಕ್ಷೆಯಲ್ಲಿ ಹೇಗೆ ಮುಂದೆ ತರಬೇಕು ಎಂಬುದನ್ನು ತಿಳಿಸುತ್ತವೆ. ಅವು ಉಪಯುಕ್ತವೇ ಸರಿ. ಆದರೆ ತಾಯಿಯ ಸ್ವಂತ ಆತ್ಮವಿಕಾಸದ ಮಾತನ್ನು ಅವು ಎತ್ತುವುದು ವಿರಳ.

ಪರಿಗ್ರಹದ ಮೂಲವು ವಸ್ತುವಿಗಿಂತಲೂ 'ನನ್ನದು' ಎಂಬ ಮಮಕಾರದಲ್ಲಿದೆ ಎಂಬುದು ಜೈನಾಚಾರ್ಯರ ನಿರ್ಣಯ. ಹೊಲ, ಮನೆ, ಬಂಗಾರಗಳಿಗೆ ಪರಿಮಾಣ ಹಾಕಿಕೊಳ್ಳುವ ಕುಟುಂಬವು, ಮಕ್ಕಳ ಮೇಲಿನ ಮಮಕಾರಕ್ಕೂ ಪರಿಮಾಣವುಂಟೇ ಎಂದು ಕೇಳಿಕೊಳ್ಳುವುದು ಅಪರೂಪ. ಹಾಗೆಂದು ಮಮತೆಯನ್ನೇ ತೊರೆಯುವುದು ಸಾಧ್ಯವೇ? ಮಮತೆಯಿಲ್ಲದೆ ಹಸುಗೂಸು ಬದುಕಲಾರದು. ರಕ್ಷಣೆಯು ಎಲ್ಲಿ ಮುಗಿದು ಬಂಧನವು ಎಲ್ಲಿ ಆರಂಭವಾಗುತ್ತದೆ ಎಂಬುದೇ ಇಲ್ಲಿ ವಿಚಾರಣೀಯ. ಈ ಪ್ರಶ್ನೆಗೆ ಬೆಳಕು ನೀಡುವ ಗ್ರಂಥಗಳೇ ತಾಯಂದಿರು ಓದಲು ಯೋಗ್ಯವಾದವು.

ಅವುಗಳಲ್ಲಿ ಮೊದಲನೆಯದು 19 ಕಥೆಗಳ 'ವಡ್ಡಾರಾಧನೆ'. ಅದರ ಸುಕುಮಾರಸ್ವಾಮಿಯ ಕಥೆಯಲ್ಲಿ ಉಜ್ಜಯಿನಿಯ ಯಶೋಭದ್ರೆಯ ಪತಿ ದೀಕ್ಷೆ ವಹಿಸಿ ಹೋಗಿದ್ದಾನೆ. ಮಗನೂ ಮುನಿಯನ್ನು ಕಂಡರೆ ಮನೆ ಬಿಡುವನೆಂಬ ಭವಿಷ್ಯವಾಣಿ ಆಕೆಯನ್ನು ಕಾಡುತ್ತದೆ. ಮುನಿಗಳು ಸುಳಿಯದಂತೆ ಆಕೆ ಕಾವಲಿಡುತ್ತಾಳೆ. ಸಾಸಿವೆ ಕಾಳೂ ಚುಚ್ಚುವಷ್ಟು ಸುಕುಮಾರನಾಗಿ ಮಗ ಬೆಳೆಯುತ್ತಾನೆ. ಕಡೆಗೆ ಮುನಿಯೊಬ್ಬರ ಪಾಠದ ಧ್ವನಿ ಕಿವಿಗೆ ಬಿದ್ದು, ಪೂರ್ವಜನ್ಮದ ಸ್ಮರಣೆಯಾಗಿ ಆತ ಹೊರಟೇ ಹೋಗುತ್ತಾನೆ. ಯಶೋಭದ್ರೆಯ ಭಯ ನಿಜವಾದದ್ದು; ಯಾವ ತಾಯಿಯೂ ಅದನ್ನು ಅಲ್ಲಗಳೆಯಲಾರಳು. ಆದರೆ ಮಗನ ಹಾದಿಯನ್ನು ಆಕೆಯೇ ನಿರ್ಣಯಿಸಲು ಹೊರಟಳು. ಪ್ರತಿಯೊಂದು ಜೀವವೂ ತನ್ನ ಕರ್ಮದೊಡನೆ ಬಂದಿದೆ; ಗೋಡೆ ಎಷ್ಟೇ ಎತ್ತರವಿದ್ದರೂ ಅದು ತನ್ನ ದಾರಿಯನ್ನು ಹುಡುಕಿಕೊಳ್ಳುತ್ತದೆ.

ಜನ್ನನ 'ಯಶೋಧರ ಚರಿತೆ'ಯ ಚಂದ್ರಮತಿ ಇನ್ನೊಂದು ಬಗೆಯ ತಾಯಿ. ಮಗನು ಹೇಳಿದ ಕೆಟ್ಟ ಕನಸಿನ ಶಾಂತಿಗಾಗಿ ಬಲಿ ಕೊಡಬೇಕೆಂದು ಆಕೆಯ ಹಟ. ಮಗ ಮೊದಲು ಒಪ್ಪದಿದ್ದರೂ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಸಂಕಲ್ಪ ಮಾತ್ರದಿಂದಲೇ ಹಿಂಸೆಯ ಪಾಪವು ಇಬ್ಬರನ್ನೂ ಜನ್ಮಜನ್ಮಾಂತರಗಳಲ್ಲಿ ತೊಳಲಿಸುತ್ತದೆ. ಮಗನ ಕ್ಷೇಮಕ್ಕೆಂದೇ ಆಕೆ ಹಾಗೆ ಮಾಡಿದಳು. ಮಕ್ಕಳ ಹಿತದ ಹೆಸರಿನಲ್ಲಿ ಅವರ ಆತ್ಮಸಾಕ್ಷಿಯನ್ನು ಮುರಿಯುವುದೂ ಹಿಂಸೆಯೇ ಎಂಬುದನ್ನು ಈ ಕೃತಿಯಷ್ಟು ತೀವ್ರವಾಗಿ ತೋರಿಸುವ ಪುಸ್ತಕಗಳು ಕಡಿಮೆ.

ಇವೆರಡಕ್ಕೂ ಪ್ರತಿಯಾದ ಚಿತ್ರವು ಗಾಂಧೀಜಿಯವರ ಆತ್ಮಕಥೆಯಲ್ಲಿ ದೊರೆಯುತ್ತದೆ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಮಗನ ಬಗ್ಗೆ ಪುತಲೀಬಾಯಿಯವರಿಗೂ ಭಯವಿತ್ತು. ಜೈನ ಸಾಧು ಬೇಚರ್‌ಜೀ ಸ್ವಾಮಿಗಳು ಮದ್ಯ, ಮಾಂಸ, ಪರಸ್ತ್ರೀಯರಿಂದ ದೂರವಿರುವ ವ್ರತವನ್ನು ಕೊಡಿಸಿದ ಮೇಲೆ ತಾಯಿ ಅನುಮತಿ ನೀಡಿದರು. ಲಂಡನ್ನಿನಲ್ಲಿ ಮೊಟ್ಟೆಯು ಮಾಂಸವೇ ಅಲ್ಲವೇ ಎಂಬ ಚರ್ಚೆ ಬಂದಾಗ, ವ್ರತ ಕೊಡುವಾಗ ತಾಯಿ ಗ್ರಹಿಸಿದ್ದ ಅರ್ಥವೇ ತನಗೆ ಬದ್ಧವೆಂದು ಮಗ ತೀರ್ಮಾನಿಸಿದರು. ಕಾವಲಿಗೆ ಅಲ್ಲಿ ಯಾರೂ ಇರಲಿಲ್ಲ. ಕಾದದ್ದು ಆ ನಂಬಿಕೆ.

ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ವು ಶಾಲೆಯ ಕಥೆಯಾದರೂ ಮನೆಗೂ ಸಲ್ಲುತ್ತದೆ. ಅದರ ಶಿಕ್ಷಕನು ಬೆತ್ತ ಹಿಡಿಯದೆ ಕಥೆ, ಆಟಗಳಿಂದ ಮಕ್ಕಳ ಮನಸ್ಸನ್ನು ಗೆಲ್ಲುತ್ತಾನೆ. ವಕೀಲಿ ವೃತ್ತಿಯನ್ನು ತೊರೆದು ಮಕ್ಕಳ ಶಿಕ್ಷಣಕ್ಕೆ ಬಾಳನ್ನು ಮುಡಿಪಿಟ್ಟ ಗಿಜುಭಾಯಿಯವರನ್ನು ಜನರು 'ಮೀಸೆಯ ತಾಯಿ' ಎಂದು ಕರೆದರು. ತಾಯ್ತನವು ಸ್ತ್ರೀಯರಿಗೆ ಮಾತ್ರ ಮೀಸಲಲ್ಲವೆಂಬುದಕ್ಕೆ ಆ ಹೆಸರೇ ಸಾಕ್ಷಿ. ಆದುದರಿಂದ ಈ ಗ್ರಂಥಗಳನ್ನು ತಂದೆಯರೂ ಓದತಕ್ಕದ್ದು. ಮಗುವನ್ನು ಬಂಡವಾಳವೆಂದು ಭಾವಿಸಿ ಬಡ್ಡಿಯನ್ನು ಎದುರುನೋಡುವ ದೋಷವು ಅವರಲ್ಲಿಯೂ ಉಂಟು.

10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪತಿಯ ಮರಣಾನಂತರ ಮಗನನ್ನು ಬೆಳೆಸಿದಳು. ಪೊನ್ನನ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಆಕೆಯನ್ನು ಸ್ಮರಿಸುವ ಬಸದಿಗಳ ಟ್ರಸ್ಟುಗಳು ನಾಮಕರಣದ ಸಂದರ್ಭದಲ್ಲಿ ಇಂತಹ ಒಂದೆರಡು ಪುಸ್ತಕಗಳನ್ನು ಶಾಸ್ತ್ರದಾನವಾಗಿ ನೀಡಿದರೆ ಅದು ಸಾರ್ಥಕವಾದ ಸೇವೆ. ಆದರೆ ಪುಸ್ತಕವು ಕಪಾಟು ಸೇರಿದರೆ ದಾನವು ಪೂರ್ಣವಾಗದು. ದಿನಕ್ಕೆ ಅರ್ಧ ಗಂಟೆ ಮಗುವನ್ನು ಅಜ್ಜಿಯೋ, ತಂದೆಯೋ ನೋಡಿಕೊಂಡು ತಾಯಿಯನ್ನು ಓದಲು ಬಿಡಬೇಕು. ಆ ಅರ್ಧ ಗಂಟೆಯನ್ನು ಕೊಡುವ ಹೊಣೆ ಮನೆಯವರೆಲ್ಲರದು.