ಮೂಗಿನ ತುದಿಯ ಸಿಟ್ಟು ಮತ್ತು ಒಂದು ನಾಯಿಮರಿ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: ಅರಣ್ಯಕಾಂಡ 22:21-33; ಗಲಾತ್ಯದವರಿಗೆ 5:22

  

ಇವತ್ತು ನಾಯಿಮರಿ ಬಗ್ಗೆ ಮಾತಾಡ್ತೀನಿ. ಹಿಂದಿನ ಸಾಲಿನವರು ಆಗಲೇ ನಗ್ತಾ ಇದ್ದೀರಿ, ನಗ್ರಿ, ಪರವಾಗಿಲ್ಲ. ಆದರೆ ಈ ಪ್ರಶ್ನೆ ನಾನು ಹುಡುಕಿಕೊಂಡು ಬಂದದ್ದಲ್ಲ. ನಿಮ್ಮಲ್ಲೇ ಒಬ್ಬರು ಪ್ರಾರ್ಥನೆ ಮುಗಿದ ಮೇಲೆ ನಿಂತು ಕೇಳಿದ್ದು: "ಪಾಸ್ಟರ್, ನಾಯಿಮರಿ ಮ್ಯಾಲೆ ಬಾಳ ಸಿಟ್ಟು ಬರ್ತೈತ್ರಿ. ಒಂದೆರಡ ಸಲ ಹೊಡದೇನಿ. ಅದು ಪಾಪ ಆಗತೈತೇನ್ರಿ?" ಹೆಸರು ಹೇಳಲ್ಲ. ಕೇಳಿದವರಿಗಿಂತ ಕೇಳದವರೇ ಹೆಚ್ಚಿರಬಹುದು ಅಂತ ನನಗೆ ಅನ್ನಿಸಿತು.

ಮೊದಲು ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡೋಣ. ಸತ್ಯವೇದದಲ್ಲಿ ನಾಯಿಗೆ ಒಳ್ಳೇ ಹೆಸರಿಲ್ಲ. ಈಜೆಬೆಲಳ ಕಥೆಯಲ್ಲಿ ನಾಯಿ ಬರುತ್ತೆ, ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಎಚ್ಚರಿಕೆಯ ಮಾತಾಗಿ ಬರುತ್ತೆ, ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ ಪಟ್ಟಣದ ಹೊರಗೆ ನಿಂತಿರುತ್ತೆ. ಅದೆಲ್ಲ ಬೀದಿ ನಾಯಿಯ ಚಿತ್ರ. ಆದರೆ ಮತ್ತಾಯ 15ರಲ್ಲಿ ಕಾನಾನ್ಯ ಸ್ತ್ರೀಯ ಹತ್ತಿರ ಕರ್ತನು ಮಾತಾಡುವಾಗ ಗ್ರೀಕಿನಲ್ಲಿ ಬಳಸಿರುವುದು ಬೇರೆ ಪದ. ಅದು ಚಿಕ್ಕ ನಾಯಿ, ಮನೆಯೊಳಗೆ ಮೇಜಿನ ಕೆಳಗೆ ಓಡಾಡುವ ನಾಯಿ. ಆ ತಾಯಿ ಆ ಚಿಕ್ಕ ಪದವನ್ನೇ ಹಿಡಕೊಂಡು ತನ್ನ ಮಗಳಿಗೆ ಬಿಡುಗಡೆ ತಗೊಂಡು ಹೋದಳು. ಅಂದರೆ ಮೇಜಿನ ಕೆಳಗಿನ ನಾಯಿಮರಿಗೂ ರೊಟ್ಟಿ ತುಣುಕಿನ ಹಕ್ಕು ಇದೆ ಅನ್ನೋದು ಅವಳಿಗೆ ಗೊತ್ತಿತ್ತು. ಜ್ಞಾನೋಕ್ತಿ 12:10 ತೆಗೆದು ಓದಿ. ನೀತಿವಂತನಿಗೆ ಗುರುತು ಕೊಡುವಾಗ ಸೊಲೊಮೋನ ಅವನ ಉಪವಾಸ ಎಣಿಸಿಲ್ಲ, ಅವನ ಪ್ರಾಣಿಯ ಹೊಟ್ಟೆ ನೋಡಿದ್ದಾನೆ.

ಈ ಕೂಟದಲ್ಲಿ ಅರ್ಧದಷ್ಟು ಜನ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರು. ನೀವೆಲ್ಲ ನಾಯಿ ಇರುವ ಊರಲ್ಲೇ ಬೆಳೆದವರು. ಆದರೆ ಅಲ್ಲಿ ನಾಯಿಮರಿ ಸಾಕೋದು ಅಂದ್ರೆ ಏನು? ತಾಯಿ ನಾಯಿ ಹಿತ್ತಲದಾಗ ಈಯ್ತಿತ್ತು, ಮರಿಗಳು ಒಂದನ್ನೊಂದು ಕಚ್ಚಿಕೊಂಡು ಕಲೀತಿದ್ದವು, ಉಚ್ಚೆ ಹೊಯ್ಯಾಕ ಇಡೀ ಬಯಲು ಇತ್ತು. ಮನೆಯಲ್ಲಿ ಉಳಿದ ರೊಟ್ಟಿ ಹಾಕಿದರೆ ನಮ್ಮ ಕೆಲಸ ಮುಗೀತು. ಕಲಿಸಿದ್ದು ತಾಯಿ, ಓಣಿ, ಕಣ. ಈಗ ಅದೇ ನೀವು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ, ಒಬ್ಬರೇ, ಒಂದು ಮರಿ ತಂದಿದ್ದೀರಿ. ಅದರ ತಾಯಿ ನೀವೇ, ಒಡಹುಟ್ಟಿದವರು ನೀವೇ, ಬಯಲೂ ನೀವೇ. ಬೆಳಗ್ಗೆ ಒಂಬತ್ತಕ್ಕೆ ಆಫೀಸು. ಊರಲ್ಲಿ ಹತ್ತು ಜನ, ಹತ್ತು ನಾಯಿ ಸೇರಿ ಮಾಡುತ್ತಿದ್ದ ಕೆಲಸವನ್ನು ಒಬ್ಬರೇ ಹೊತ್ತುಕೊಂಡಿದ್ದೀರಿ, ಅದಕ್ಕೇ ಸುಸ್ತು. ಈ ಸುಸ್ತನ್ನು ನಾನು ಪಾಪ ಅನ್ನಲ್ಲ.

ಹಾಗಾದರೆ ಮರಿ ಮಾಡುವ ತಪ್ಪುಗಳು? ಎರಡು ತಿಂಗಳ ಮರಿ ಹೆಚ್ಚೂಕಡಿಮೆ ಎರಡು ಗಂಟೆ ತಡೆದುಕೊಳ್ಳಬಲ್ಲದು, ಮೂರು ತಿಂಗಳದ್ದು ಮೂರು ಗಂಟೆ. ರಾತ್ರಿ ಎರಡು ಗಂಟೆಗೆ ನಿಮ್ಮ ಚಾದರದ ಮೇಲೆ ಹೊಯ್ದರೆ ಅದರ ಮೂತ್ರಕೋಶ ಅಷ್ಟೇ ದೊಡ್ಡದು ಅಂತ ಅರ್ಥ. ಕಚ್ಚುತ್ತೆ. ಯಾಕಂದ್ರೆ ಮೂರು ತಿಂಗಳಿಂದ ಆರೇಳು ತಿಂಗಳೊಳಗೆ ಅದರ 28 ಹಾಲುಹಲ್ಲು ಉದುರಿ 42 ಹಲ್ಲು ಬರಬೇಕು, ಒಸಡು ನೋಯುತ್ತೆ. ನಿಮ್ಮ ಶೂ, ಚಾರ್ಜರ್ ವೈರು, ಕಳೆದ ವಾರ ಒಬ್ಬರ ಸತ್ಯವೇದದ ಚರ್ಮದ ಹೊದಿಕೆ ಕೂಡ. ಮೊದಲ ರಾತ್ರಿಗಳಲ್ಲಿ ಅಳುತ್ತೆ, ಯಾಕಂದ್ರೆ ಹುಟ್ಟಿದಾಗಿಂದ ಅದು ಒಂಟಿಯಾಗಿ ಮಲಗಿಯೇ ಇಲ್ಲ. ತೀರಾ ಬೇಗ ತಾಯಿಯಿಂದ ಬಿಡಿಸಿದ ಮರಿ ಇನ್ನೂ ಜೋರಾಗಿ ಕಚ್ಚುತ್ತೆ. ಎಷ್ಟು ಕಚ್ಚಿದರೆ ನೋವಾಗುತ್ತೆ ಅಂತ ಒಡಹುಟ್ಟಿದ ಮರಿಗಳ ಹತ್ತಿರ ಕಲಿಯೋ ಮೊದಲೇ ಅದನ್ನ ಮಾರಿಬಿಟ್ಟಿರ್ತಾರೆ. ಎರಡು ತಿಂಗಳು ತುಂಬದ ಮರಿಯನ್ನು ಮಾರಬಾರದು ಅಂತ 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ನಿಯಮಗಳೇ ಹೇಳುತ್ತವೆ. ಮಾರಿದವನ ಅವಸರಕ್ಕೆ ಮರಿ ಪೆಟ್ಟು ತಿನ್ನುತ್ತೆ.

ಈಗ ನೋಡಿ, ಇದರಲ್ಲಿ ತಪ್ಪು ಎಲ್ಲಿದೆ? ಇಲ್ಲ. ಹಾಗಿದ್ದರೆ ಇಲ್ಲದ ತಪ್ಪನ್ನು ತಾಳಿಕೊಳ್ಳುವುದು ಹೇಗೆ?

ನಾವು ತಾಳ್ಮೆ ಅಂದ್ರೆ ಏನು ಅಂದುಕೊಂಡಿದ್ದೀವಿ? ಎದುರಿನವರು ತಪ್ಪು ಮಾಡಿದ್ರು, ನಾನು ದೊಡ್ಡ ಮನಸ್ಸು ಮಾಡಿ ಸುಮ್ಮನಾದೆ. ಅದು ಕ್ಷಮೆ. ಕ್ಷಮೆಗೆ ಒಬ್ಬ ತಪ್ಪಿತಸ್ಥ ಬೇಕು. ನಾಯಿಮರಿ ಹತ್ತಿರ ಆ ವ್ಯವಹಾರ ನಡೆಯಲ್ಲ. ಅದನ್ನು "ಕ್ಷಮಿಸಿದೆ" ಅನ್ನುವವನು ಅದರ ಮೇಲೆ ಮೊದಲೇ ಸುಳ್ಳು ದೂರು ದಾಖಲಿಸಿದ್ದಾನೆ. ಪವಿತ್ರಾತ್ಮನ ಫಲದಲ್ಲಿ ಪೌಲನು ಹೇಳುವ ದೀರ್ಘಶಾಂತಿ ಕ್ಷಮೆಗಿಂತ ಮುಂಚೆಯೇ ಶುರುವಾಗುತ್ತೆ. ಇಲ್ಲಿ ಅಪರಾಧ ನಡೆದೇ ಇಲ್ಲ, ಒಂದು ಜೀವ ಬೆಳೀತಾ ಇದೆ ಅಷ್ಟೇ ಅಂತ ಕಾಣುವ ಕಣ್ಣು ಅದು. ನನ್ನನ್ನ ಕೇಳಿದರೆ, ನಾವು ಮನೆಯಲ್ಲಿ, ಆಫೀಸಲ್ಲಿ, ಸಭೆಯಲ್ಲಿ "ಎಷ್ಟು ಸಹಿಸಿಕೊಂಡೆ" ಅಂತ ಲೆಕ್ಕ ಇಟ್ಟಿರುವ ವಿಷಯಗಳಲ್ಲಿ ಬಹಳಷ್ಟು ಅಪರಾಧವೇ ಅಲ್ಲ. ಎದುರಿನವರ ಮೂತ್ರಕೋಶ ಅಷ್ಟೇ ಇತ್ತು. (ನಗಬೇಡಿ ಅಂದಿಲ್ಲ, ನಗಬಹುದು.)

ಬಿಳಾಮನ ಕಡೆ ಬನ್ನಿ. ಕತ್ತೆ ದಾರಿ ಬಿಟ್ಟು ಹೊಲಕ್ಕೆ ಹೋಯಿತು, ಹೊಡೆದ. ದ್ರಾಕ್ಷೇತೋಟಗಳ ನಡುವಿನ ಸಂದಿಯಲ್ಲಿ ಗೋಡೆಗೆ ಒತ್ತಿಕೊಂಡಿತು, ಅವನ ಕಾಲು ಜಜ್ಜಿತು, ಮತ್ತೆ ಹೊಡೆದ. ಕಾಲು ನಿಜವಾಗಿ ನೋಯ್ತು, ಅದನ್ನ ನಾನು ಇಲ್ಲ ಅನ್ನಲ್ಲ. ಮೂರನೇ ಸಲ ಮಲಗಿಬಿಟ್ಟಿತು, ದೊಣ್ಣೆ ತಗೊಂಡ. ಆಗ ಕರ್ತನು ಕತ್ತೆಯ ಬಾಯಿ ತೆರೆದನು. ಬಿಳಾಮ ಕೊಟ್ಟ ಕಾರಣ ಗಮನಿಸಿ. ಕಾಲು ನೋಯ್ತು ಅನ್ನಲಿಲ್ಲ. ನೀನು ನನ್ನ ಮರ್ಯಾದೆ ತೆಗೆದೆ ಅನ್ನುವ ಅರ್ಥದ ಮಾತು ಹೇಳಿದ. ಜೊತೆಯಲ್ಲಿ ಇಬ್ಬರು ಸೇವಕರಿದ್ದರು, ಮೋವಾಬಿನ ಪ್ರಧಾನರ ಸಂಗಡ ಹೊರಟಿದ್ದ, ಅವನಿಗೆ ಅವಮಾನವಾಯಿತು. ಕತ್ತೆ ಕಂಡಿದ್ದು ಅವನಿಗೆ ಕಂಡಿರಲಿಲ್ಲ. ಇನ್ನೊಂದು ಗಮನಿಸಿ. ಕತ್ತಿ ಹಿಡಿದ ದೇವದೂತ ಕಾಣಿಸಿಕೊಂಡ ಮೇಲೆ ಮೊದಲು ಕೇಳಿದ್ದೇನು? ಬಾಲಾಕನ ಹಣದ ವಿಷಯ ಅಲ್ಲ, ಶಾಪದ ವಿಷಯ ಅಲ್ಲ. ಮೂರು ಸಲ ಕತ್ತೆಯನ್ನ ಯಾಕೆ ಹೊಡೆದೆ ಅಂತ. ಪರಲೋಕದ ವಿಚಾರಣೆ ಅಲ್ಲಿಂದ ಶುರುವಾಯಿತು.

ನಿಮ್ಮ ನಾಯಿಮರಿಯ ಬಾಯಿ ಹಾಗೆ ತೆರೆಯಲ್ಲ. ರೂಮಿನ ಬಾಗಿಲು ಹಾಕಿದೆ, ರಾತ್ರಿ ಎರಡು ಗಂಟೆ, ಅದು ಯಾರಿಗೂ ಹೇಳಲ್ಲ. ಮ್ಯಾನೇಜರ್ ಮುಂದೆ ನಮಗೆ ಬಹಳ ತಾಳ್ಮೆ ಇರುತ್ತೆ, ಯಾಕಂದ್ರೆ ಸಂಬಳ ಇದೆ. ಸಭೆಯ ಹಿರಿಯರ ಮುಂದೆ ಇರುತ್ತೆ, ಯಾಕಂದ್ರೆ ಹೆಸರು ಇದೆ. ದೂರು ಕೊಡಲಾಗದ ಜೀವದ ಮುಂದೆ ಉಳಿಯುವ ತಾಳ್ಮೆ ಎಷ್ಟು, ಅಷ್ಟೇ ನಮ್ಮದು.

ನಮ್ಮ ಪೆಂತೆಕೋಸ್ತ ಜನಕ್ಕೆ ಇದನ್ನ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ವರಗಳಿಗಾಗಿ ನಾವು ಉಪವಾಸ ಮಾಡ್ತೀವಿ, ರಾತ್ರಿ ಪ್ರಾರ್ಥನೆ ಮಾಡ್ತೀವಿ. ವರ ಒಂದು ಕ್ಷಣದಲ್ಲಿ ಬರಬಹುದು. ಫಲ ಹಾಗೆ ಬರಲ್ಲ. ಹಾನಗಲ್ ಕಡೆ ಮಾವಿನ ತೋಟ ಇರೋರಿಗೆ ಕೇಳಿ, ಗಿಡ ನೆಟ್ಟ ವರ್ಷವೇ ಹಣ್ಣು ಕೇಳ್ತಾರೇನು? ಶನಿವಾರ ರಾತ್ರಿ ಅನ್ಯಭಾಷೆ ಮಾತಾಡಿದ ಬಾಯಿ, ಅದೇ ರಾತ್ರಿ ಎರಡಕ್ಕೆ ಒಂದು ಮರಿಗೆ ಬಾಯಿಗೆ ಬಂದದ್ದು ಬೈದರೆ, ಯಾಕೋಬನ ಮೂರನೇ ಅಧ್ಯಾಯ ನಿಮ್ಮ ಮನೆಯಲ್ಲೇ ನಡೀತಾ ಇದೆ.

ನಮ್ಮಲ್ಲಿ ಒಂದು ಮಾತಿದೆ, ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ. ವಿಮೋಚನಕಾಂಡ 34:6ರಲ್ಲಿ, ಬಂಗಾರದ ಕರುವಿನ ಪಾಪದ ನಂತರ, ದೇವರು ಮೋಶೆಗೆ ತನ್ನ ಗುಣ ತಿಳಿಸುವಾಗ ಇಬ್ರಿಯದಲ್ಲಿರುವ ಪದಗಳನ್ನು ಅಕ್ಷರಶಃ ಬಿಡಿಸಿದರೆ "ಉದ್ದ ಮೂಗಿನವನು" ಅಂತಾಗುತ್ತೆ. ಅದಕ್ಕೇ ನಾವು ದೀರ್ಘಶಾಂತನು ಅನ್ನೋದು. ಮೂಗು ಉದ್ದ ಇದ್ದರೆ ಸಿಟ್ಟು ತುದಿಗೆ ಬಂದು ಮುಟ್ಟೋಕೆ ಹೊತ್ತು ಬೇಕು. ಸಿಟ್ಟೇ ಇಲ್ಲ ಅಂತಲ್ಲ. ಹೊರಗೆ ಬರುವ ಮೊದಲು ದಾರಿ ಇದೆ. ನಮಗೂ ಬೇಕಾದದ್ದು ಆ ದಾರಿಯೇ. ಸಿಟ್ಟು ಬಂತು ಅನ್ನೋದಕ್ಕೆ ಆ ತಮ್ಮ ನನ್ನ ಹತ್ತಿರ ಅಳಬೇಕಾಗಿರಲಿಲ್ಲ. ಕೈ ಎತ್ತಿದ್ದು ಬೇರೆ ವಿಷಯ. ಹೌದು ತಮ್ಮಾ, ಅದು ಪಾಪ, ಕರ್ತನ ಮುಂದೆ ಅರಿಕೆ ಮಾಡು. ಮುಂದಿನ ಸಲ ಸಿಟ್ಟು ಬಂದಾಗ ಮರಿಯನ್ನ ಅದರ ಜಾಗದಲ್ಲಿ ಬಿಟ್ಟು, ನೀನು ಬಾಲ್ಕನಿಗೆ ಹೋಗು. ಐದು ನಿಮಿಷ. ಮೂಗು ಅಷ್ಟು ಉದ್ದ ಆಗುತ್ತೆ.

ಇಷ್ಟು ಕೇಳಿ ಯಾರೋ ಅಂತೀರಿ, ಹಾಗಾದ್ರೆ ಏನ್ ಮಾಡಿದ್ರೂ ಬಿಟ್ಟುಬಿಡೋದಾ ಪಾಸ್ಟರ್? ಬಿಡಬಾರದು. ಮುದ್ದು ಅಂತ ಬಿಟ್ಟ ಮರಿ ವರ್ಷ ತುಂಬುವಷ್ಟರಲ್ಲಿ ಪಕ್ಕದ ಮನೆ ಮಗುವನ್ನ ಕಚ್ಚುತ್ತೆ. ಹಾಗೆ ಬಿಡೋದಕ್ಕೆ ತಾಳ್ಮೆ ಅನ್ನಬೇಡಿ, ಅದು ಸೋಮಾರಿತನ. ನಿಮ್ಮ ಕಡೆ ದೀಪಾವಳಿ ಬಂದರೆ ಹೋರಿ ಬೆದರಿಸುವ ಹಬ್ಬ, ಹೋರಿಗೆ ಕೊಬ್ಬರಿ ಹಾರ. ಆ ಓಟ ನೋಡೋಕೆ ಸಾವಿರ ಜನ ಸೇರ್ತಾರೆ. ಅದರ ಬಗ್ಗೆ ನನ್ನ ಅಭಿಪ್ರಾಯ ಬೇರೆ ಇದೆ, ಇವತ್ತು ಬೇಡ. ನಾನು ಹೇಳೋದು ಯಾರೂ ನೋಡದ ಇನ್ನೊಂದು ಕೆಲಸ, ಎಳೆ ಹೋರಿಗೆ ನೊಗ ರೂಢಿ ಮಾಡಿಸೋದು. ನಿಮ್ಮ ಅಪ್ಪನೋ ಅಜ್ಜನೋ ಏನು ಮಾಡ್ತಿದ್ದರು? ಪಳಗಿದ ಹಳೇ ಎತ್ತಿನ ಜೋಡಿ ಕಟ್ಟುತ್ತಿದ್ದರು. ಮೊದಲ ದಿನ ನೇಗಿಲು ಹೂಡುತ್ತಿರಲಿಲ್ಲ. ಬರೀ ನೊಗ ಇಟ್ಟು ನಾಲ್ಕು ಹೆಜ್ಜೆ ನಡೆಸಿ ಬಿಚ್ಚುತ್ತಿದ್ದರು. ಮರುದಿನ ಇನ್ನೂ ನಾಲ್ಕು ಹೆಜ್ಜೆ. ಹಳೇ ಎತ್ತಿಗೆ ದಾರಿ ಗೊತ್ತು, ಅದು ತನ್ನ ನಡಿಗೆಯಿಂದಲೇ ಕಲಿಸುತ್ತೆ. ಮತ್ತಾಯ 11:29ರಲ್ಲಿ ಕರ್ತನು ತನ್ನ ನೊಗ ತಗೊಳ್ಳಿರಿ ಅಂತ ಕರೆಯುವಾಗ ನನಗೆ ಯಾವಾಗಲೂ ಆ ಜೋಡಿ ನೆನಪಾಗುತ್ತೆ. ಹೋಶೇಯ 11ರಲ್ಲೂ ಅಷ್ಟೇ. ದೇವರು ಎಫ್ರಾಯೀಮಿಗೆ ಕೈ ಹಿಡಿದು ನಡೆಯೋದು ಕಲಿಸಿದ್ದು, ಪ್ರೀತಿಯ ಹಗ್ಗದಿಂದ ಎಳೆದದ್ದು. ಹಗ್ಗ ಇದೆ, ಗಮನಿಸಿ. ಉರುಳು ಇಲ್ಲ.

ನಾಯಿಮರಿಗೆ ಕಲಿಸೋದೂ ಹಾಗೇ. ಎದ್ದ ತಕ್ಷಣ, ತಿಂದ ಸ್ವಲ್ಪ ಹೊತ್ತಿಗೆ, ಆಡಿ ಮುಗಿದ ಮೇಲೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಮಾಡಿದ ಕೂಡಲೇ ಹೊಗಳಿ. ನಮ್ಮ ಜನ ಮಾಡೋದೇನು? ಸಂಜೆ ಬಂದು, ಮಧ್ಯಾಹ್ನ ಹೊಯ್ದ ಉಚ್ಚೆಗೆ ಅದರ ಮೂತಿ ಒರೆಸೋದು. ಆ ಶಿಕ್ಷೆಗೂ ಮಧ್ಯಾಹ್ನಕ್ಕೂ ಸಂಬಂಧ ಅದಕ್ಕೆ ಹೊಳೆಯಲ್ಲ. ಅದು ಕಲಿಯೋ ಪಾಠ ಒಂದೇ: ಈ ಮನುಷ್ಯ ಬಾಗಿಲು ತೆಗೆದರೆ ಹೆದರಬೇಕು. ಆಮೇಲೆ ಸೋಫಾ ಹಿಂದೆ ಕದ್ದು ಹೊಯ್ಯುತ್ತೆ. ನೀವು ಅದನ್ನ ಮೋಸ ಅಂತೀರಿ. ಕೆಲವು ಮನೆಗಳಲ್ಲಿ ಮಕ್ಕಳು ಸುಳ್ಳು ಹೇಳೋದು ಕಲಿಯೋದೂ ಇದೇ ದಾರಿಯಲ್ಲಿ. ಆದರೆ ಒಂದು ಮಾತು. ನಾಯಿಮರಿ ಮುಂದೆ ಮಕ್ಕಳನ್ನ ಸಾಕೋಕೆ ತಾಲೀಮು ಅಂತ ಕೆಲವರು ಹೇಳ್ತಾರೆ, ನನಗೆ ಆ ಮಾತು ಹಿಡಿಸಲ್ಲ. ಅದು ಯಾರ ತಾಲೀಮೂ ಅಲ್ಲ. ಅದಕ್ಕೆ ಒಂದೇ ಬಾಲ್ಯ, ಅದೂ ಕೆಲವೇ ತಿಂಗಳು, ಆ ತಿಂಗಳುಗಳು ನಿಮ್ಮ ಕೈಯಲ್ಲಿವೆ.

ಲಸಿಕೆ ವಿಷಯ ಬೇಗ ಹೇಳಿ ಮುಗಿಸ್ತೀನಿ. ಪಾರ್ವೋ ಮುಂತಾದವುಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಮರಿ ಕಚ್ಚಿ ರಕ್ತ ಬಂದರೆ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿಸೋಕೆ ನನ್ನ ಹತ್ತಿರ ಬನ್ನಿ, ಬೇಡ ಅನ್ನಲ್ಲ. ಆದರೆ ಚುಚ್ಚುಮದ್ದು ಹಾಕಿಸಿಕೊಂಡೇ ಬನ್ನಿ.

ಇನ್ನು ಆಗೋದೇ ಇಲ್ಲ ಅನ್ನುವವರು. ಶಿಫ್ಟ್ ಬದಲಾಯಿತು, ಮನೆ ಮಾಲೀಕರು ಒಪ್ಪಲಿಲ್ಲ, ನಿಜವಾಗಿ ಆಗ್ತಿಲ್ಲ. ಅದು ಸೋಲಿರಬಹುದು, ಪಾಪ ಅಲ್ಲ. ಪಾಪ ಆಗೋದು ಮುಂದಿನ ಹೆಜ್ಜೆಯಲ್ಲಿ: ರಾತ್ರಿ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಹೆದ್ದಾರಿ ಬದಿಗೆ ಬಿಟ್ಟು ಬರೋದು. ಊರಿಗೆ ಹೋಗುವಾಗ ಶಿಗ್ಗಾವಿ ಆಚೀಚೆ ಆ ಪುಣೆ-ಬೆಂಗಳೂರು ರಸ್ತೆಯಲ್ಲಿ ಲಾರಿಗಳು ಹೇಗೆ ಓಡುತ್ತವೆ ಅಂತ ನೀವೇ ನೋಡಿದ್ದೀರಿ. ಸಾಕಿದ ಮರಿಗೆ ರಸ್ತೆ ದಾಟೋಕೆ ಬರಲ್ಲ. ನಿಮ್ಮ ಗಾಡಿ ಹಿಂದೆಯೇ ಓಡುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಸಾಕುಪ್ರಾಣಿಯನ್ನು ಹಾಗೆ ತೊರೆಯೋದು ಅಪರಾಧ, ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಐವತ್ತು ರೂಪಾಯಿ! ಸರ್ಕಾರದ ಲೆಕ್ಕ ಅಷ್ಟು. ಬಿಳಾಮನನ್ನು ದಾರಿಯಲ್ಲಿ ನಿಲ್ಲಿಸಿದವನ ಲೆಕ್ಕ ಅಷ್ಟೇ ಅಂದುಕೊಳ್ಳಬೇಡಿ.

ಕೊಡೋದಾದರೆ ಕೈಯಿಂದ ಕೈಗೆ ಕೊಡಿ. ಅದಕ್ಕೆ ಏನು ಭಯ, ಏನು ತಿನ್ನುತ್ತೆ, ಯಾವ ಲಸಿಕೆ ಆಗಿದೆ, ಎಲ್ಲಾ ಹೇಳಿ ಕೊಡಿ. ಊರಲ್ಲಿ ಹೊಲ, ಹಿತ್ತಲು, ಮನಸ್ಸು ಮೂರೂ ಇರುವ ಮನೆ ಇದ್ದರೆ ಅವರನ್ನು ಮೊದಲು ಕೇಳಿ, ಆಮೇಲೆ ಕರೆದುಕೊಂಡು ಹೋಗಿ. ಈ ಕೂಟದಲ್ಲೇ ಯಾರಾದರೂ ಸಾಕೋಕೆ ತಯಾರಿದ್ದರೆ ಕೂಟ ಮುಗಿದ ಮೇಲೆ ನನಗೆ ಹೇಳಿ, ಮರಿ ಕೊಡಬೇಕು ಅನ್ನುವವರು ಇಬ್ಬರು ಆಗಲೇ ಇದ್ದಾರೆ.

ಈಗ ಎದ್ದು ನಿಲ್ಲೋಣ. ಕೈ ಎತ್ತಿದವರು, ಬೈದವರು, ಮನೆಯಲ್ಲಿ ಈ ಹೊತ್ತಿಗೆ ಬಾಗಿಲ ಕಡೆ ನೋಡುತ್ತಾ ಕೂತಿರುವ ಮರಿ ಇರುವವರು, ಮುಂದೆ ಬನ್ನಿ. ಪ್ರಾರ್ಥನೆ ಮಾಡೋಣ.