ಅಮ್ಮನ ಕಿವಿಗೆ ಸಂಗೀತ

ಏಳು ತಿಂಗಳ ಕೂಸು ತಾಯಿಯ ತೊಡೆಯ ಮೇಲೆ ಕೂತಿದೆ. ಎದುರಿಗೆ ಕೂತವರು ಗೊಂಬೆ ಆಡಿಸುತ್ತ ಅದರ ಕಣ್ಣನ್ನು ತಮ್ಮ ಕಡೆಗೇ ಹಿಡಿದಿಟ್ಟಿದ್ದಾರೆ. ಪಕ್ಕದ ಸ್ಪೀಕರಿನಿಂದ ಒಂದೇ ಸಮನೆ ‘ತಾ, ತಾ, ತಾ’ ಎಂದು ಕೇಳಿಬರುತ್ತಿದೆ. ಯಾವಾಗಲೋ ಅದು ‘ಟಾ, ಟಾ, ಟಾ’ ಆಗುತ್ತದೆ. ಆ ಗಳಿಗೆಗೆ ಕೂಸು ಸ್ಪೀಕರಿನತ್ತ ತಲೆ ತಿರುಗಿಸಿದರೆ ಅಲ್ಲಿನ ಮಬ್ಬು ಪೆಟ್ಟಿಗೆಯೊಳಗೆ ದೀಪ ಹತ್ತಿ, ಆಟದ ಪ್ರಾಣಿಯೊಂದು ಕುಣಿಯುತ್ತದೆ. ಸದ್ದು ಬದಲಾಗದೆ ಸುಮ್ಮನೆ ತಿರುಗಿದರೆ ಏನೂ ಇಲ್ಲ. ಕೂಸು ಬಲು ಬೇಗ ಇದರ ಗುಟ್ಟು ಹಿಡಿಯುತ್ತದೆ. ಆಮೇಲೆ ಸದ್ದು ಬದಲಾದದ್ದೇ ತಡ, ದೀಪ ಹತ್ತುವ ಮೊದಲೇ ತಲೆ ಆ ಕಡೆ ಹೊರಳಿರುತ್ತದೆ.

ಇಷ್ಟೇ ಪ್ರಯೋಗ. ಆದರೆ ಮಾತೇ ಬಾರದ ಜೀವವನ್ನು “ಈ ಎರಡು ಸದ್ದು ನಿನಗೆ ಬೇರೆ ಬೇರೆಯಾಗಿ ಕೇಳಿಸುತ್ತವಾ, ಕಂದ?” ಎಂದು ಕೇಳಿ, ಅದರಿಂದ ನೆಚ್ಚಬಹುದಾದ ಉತ್ತರ ಪಡೆಯುವ ದಾರಿಯೊಂದು ಮನುಷ್ಯರಿಗೆ ಹೊಳೆಯಿತಲ್ಲ, ಅದು ನನಗೆ ದೊಡ್ಡ ಅಚ್ಚರಿ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ದಾರಿ ಇದು. ಅವರು ಬಳಸಿದ್ದು ಹಿಂದಿಯ ತ ಮತ್ತು ಟ. ನಮ್ಮ ಕನ್ನಡದಲ್ಲೂ ‘ತಟ್ಟೆ’ ಎಂಬ ಒಂದು ಮಾತಿನೊಳಗೇ ಎರಡೂ ಇವೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ದೊಡ್ಡವರಿಗೆ ಇವೆರಡೂ ಒಂದೇ. ಆದರೆ ಅವರ ಮನೆಯ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಹಿಡಿದವು. ಹತ್ತು ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಹಿಡಿಯುವ ಕೂಸುಗಳು ತೀರಾ ಕಡಿಮೆಯಾಗಿದ್ದವು. ಹಿಂದಿ ಮಾತಾಡುವ ಮನೆಯ ಅದೇ ವಯಸ್ಸಿನ ಕೂಸುಗಳಿಗೆ ಅದು ಉಳಿದೇ ಇತ್ತು.

ಈ ಫಲಿತಾಂಶ ಪಠ್ಯಪುಸ್ತಕ ಸೇರಿ ಬಹಳ ಕಾಲವಾಯಿತು. ನನ್ನ ಮನಸ್ಸು ಹೋಗಿ ನಿಲ್ಲುವುದು ಅದಕ್ಕಿಂತ ಹೆಚ್ಚಾಗಿ ಆ ಕೋಣೆಯ ಒಂದು ಸಣ್ಣ ಏರ್ಪಾಟಿನ ಮೇಲೆ. ತಾಯಿಯ ಕಿವಿಗೆ ಹೆಡ್‌ಫೋನ್ ಹಾಕಿರುತ್ತಾರೆ. ಅದರಲ್ಲಿ ಸಂಗೀತ ಹರಿಯುತ್ತಿರುತ್ತದೆ. ಗೊಂಬೆ ಆಡಿಸುವವರಿಗೂ ಹಾಗೆಯೇ. ಕೂಸಿಗೆ ಕೇಳುವ ತಾ, ಟಾ ಅವರಿಬ್ಬರಿಗೂ ಕೇಳಬಾರದು.

ಏಕೆಂದರೆ ತಾಯಿಗೆ ಕೇಳಿಸಿದರೆ ಅವಳ ತೊಡೆಗೂ ಕೇಳಿಸುತ್ತದೆ. ಸದ್ದು ಬದಲಾದಾಗ ಅವಳ ಉಸಿರು ಒಂದು ಚೂರು ತಡೆದೀತು, ಕೂಸಿನ ಸೊಂಟ ಹಿಡಿದ ಬೆರಳು ಬಿಗಿದೀತು. ಅವಳು ಮೋಸ ಮಾಡಬೇಕೆಂದಿಲ್ಲ, ತನ್ನ ಮಗು ಗೆಲ್ಲಲಿ ಎಂಬ ಆಸೆಯಷ್ಟೇ ಸಾಕು. ಆ ಆಸೆ ಮೈಯಿಂದ ಮೈಗೆ ದಾಟುತ್ತದೆ.

ಇದನ್ನು ಮನೋವಿಜ್ಞಾನಕ್ಕೆ ಕಲಿಸಿದ್ದು ಬರ್ಲಿನ್ನಿನ ಒಂದು ಕುದುರೆ. ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಮೇಷ್ಟರು ತಮ್ಮ ಹಾನ್ಸ್‌ಗೆ ಲೆಕ್ಕ ಕಲಿಸಿದ್ದೇನೆಂದು ಮನಸಾರೆ ನಂಬಿದ್ದರು. ಕೂಡುವ ಲೆಕ್ಕ ಕೊಟ್ಟರೆ ಹಾನ್ಸ್ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ತಜ್ಞರ ಸಮಿತಿ ಬಂದು ನೋಡಿ, ಕೈಚಳಕವೇನೂ ಇಲ್ಲ ಎಂದಿತು. ಆಮೇಲೆ ಆಸ್ಕರ್ ಫುಂಗ್ಸ್ಟ್ ತಾಳ್ಮೆಯಿಂದ ಕೂತರು. ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದರು, ಕೇಳುವವರು ಕಾಣದಂತೆ ಕುದುರೆಯ ಕಣ್ಣಿಗೆ ಮರೆ ಕಟ್ಟಿದರು. ಹಾನ್ಸ್ ತಡವರಿಸಿತು. ಅದು ಓದುತ್ತಿದ್ದುದು ಲೆಕ್ಕವನ್ನಲ್ಲ, ಮನುಷ್ಯರನ್ನು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ತಿಳಿಯದಂತೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಅದನ್ನು ಕಂಡು ಹಾನ್ಸ್ ನಿಲ್ಲಿಸುತ್ತಿತ್ತು. 1907ರಲ್ಲಿ ಫುಂಗ್ಸ್ಟ್ ಇದನ್ನೆಲ್ಲ ಪುಸ್ತಕವಾಗಿಸಿದರು. ಗುಟ್ಟು ತಿಳಿದ ಮೇಲೂ ತಮ್ಮ ತಲೆಯ ಆ ಅಲುಗಾಟವನ್ನು ತಡೆದುಕೊಳ್ಳುವುದು ಅವರಿಗೇ ಕಷ್ಟವಾಗಿತ್ತು! ಕುದುರೆ ದಡ್ಡ ಎಂದು ಇದನ್ನು ಓದುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ನಮ್ಮ ಮೈ ನಮಗೇ ಹೇಳದ ಸುದ್ದಿಯನ್ನು ಓದಬಲ್ಲ ಜೀವಕ್ಕೆ ಲೆಕ್ಕ ಬರದಿದ್ದರೇನಂತೆ?

ಒಳ್ಳೆಯ ಪ್ರಯೋಗದ ವಿನ್ಯಾಸದಲ್ಲಿ ನಾನು ಕಾಣುವುದು ಈ ವಿನಯವನ್ನು. ಕೇಳುವವರು ತಮ್ಮ ಆಸೆಯನ್ನು ಪಕ್ಕಕ್ಕಿಟ್ಟು, ಉತ್ತರ ಕೊಡುವವರಿಗೆ ಜಾಗ ಮಾಡಿಕೊಡುತ್ತಾರೆ. ಆಂತೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದದ್ದು ಹುಟ್ಟಿ ಮೂರು ದಿನವೂ ತುಂಬದ ಹತ್ತು ಕೂಸುಗಳು. ಬಾಯಲ್ಲಿ ಹಾಲಿಲ್ಲದ ನಿಪ್ಪಲ್, ಕಿವಿಗೆ ಹೆಡ್‌ಫೋನ್. ಎಳೆಗೂಸು ಒಂದಷ್ಟು ಚೀಪಿ, ತುಸು ತಡೆದು, ಮತ್ತೆ ಚೀಪುತ್ತದೆ. ಆ ತಡೆಯನ್ನು ಉದ್ದ ಮಾಡಿದರೆ ಅಮ್ಮ ಕಥೆ ಓದುವ ದನಿ, ಗಿಡ್ಡ ಮಾಡಿದರೆ ಬೇರೊಬ್ಬ ತಾಯಿಯ ದನಿ. ಹೆಚ್ಚಿನ ಕೂಸುಗಳು ಅಮ್ಮನ ದನಿ ಕೇಳಲು ತಮ್ಮ ಚೀಪುವ ಲಯವನ್ನೇ ಬದಲಿಸಿಕೊಂಡವು.

ಆದರೆ ತಡೆ ಉದ್ದವಾದದ್ದು ಕೂಸು ದಣಿದದ್ದಕ್ಕೂ ಇರಬಹುದಲ್ಲ? ಅದಕ್ಕೇ ಅರ್ಧದಷ್ಟು ಕೂಸುಗಳಿಗೆ ಷರತ್ತು ತಿರುವುಮುರುವು: ಗಿಡ್ಡ ಮಾಡಿದರೆ ಅಮ್ಮ. ಅಮ್ಮನ ದನಿ ಹೆಚ್ಚು ಇಂಪಾಗಿದ್ದಿರಬಹುದಲ್ಲ? ಅದಕ್ಕೇ ಒಂದು ಕೂಸಿಗೆ ಪರಕೀಯವಾಗಿ ಕೇಳಿಸಿದ ದನಿ ಇನ್ನೊಂದು ಕೂಸಿನ ಹೆತ್ತಮ್ಮನದು. ಇಂಪೇ ಕಾರಣವಾಗಿದ್ದರೆ ಎಲ್ಲ ಕೂಸುಗಳೂ ಇಂಪಾದ ದನಿಯ ಕಡೆಗೇ ವಾಲಬೇಕಿತ್ತು. ಅನುಮಾನಗಳನ್ನು ಹೀಗೆ ಒಂದೊಂದಾಗಿ ಕಳೆದ ಮೇಲೆ ಉಳಿದದ್ದು, ಇದು ನನ್ನಮ್ಮ ಎಂಬ ಗುರುತು. ತಾಯಂದಿರೆಲ್ಲ ಇದನ್ನು ಮೊದಲೇ ಬಲ್ಲರು, ನಿಜ. ಆದರೆ ಅದು ಕೂಸಿನ ಕಡೆಯಿಂದ ಬಂದ ಮಾತಾದದ್ದು ಆಗ.

ವರ್ಕರ್ ಮತ್ತು ಟೀಸ್ ಸೋಲನ್ನೂ ಇಷ್ಟೇ ಎಚ್ಚರದಿಂದ ನೋಡಿದರು. ಹತ್ತು ತಿಂಗಳ ಕೂಸು ತಾ, ಟಾಗೆ ತಲೆ ತಿರುಗಿಸಲಿಲ್ಲ ಎಂದರೆ ಕೇಳಿಸಲಿಲ್ಲ ಎಂದೇ ಆಗಬೇಕಿಲ್ಲ. ನಿದ್ದೆ ಬಂದಿರಬಹುದು, ಆಟ ಬೇಜಾರಾಗಿರಬಹುದು. ಹಾಗಾಗಿ ಮತ್ತೆ ಇಂಗ್ಲಿಷಿನದೇ ಆದ ‘ಬಾ’, ‘ಡಾ’ ಕೇಳಿಸಿದರು. ಅದಕ್ಕೆ ತಲೆ ತಿರುಗಿಸಿದರೆ ಮಾತ್ರ ಹಿಂದಿನ ಮೌನವನ್ನು ಉತ್ತರವೆಂದು ಬರೆದುಕೊಂಡರು.

ಇದನ್ನು ಓದುವಾಗ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳಿಗೆ ಮರಳುವ ನಮ್ಮ ಅಜ್ಜಿಯರ ನೆನಪಾಗುತ್ತದೆ. ಅವರು ವಿಮಾನ ಹತ್ತುವಾಗ ಮೊಮ್ಮಗು ಸರಿಸುಮಾರು ಈ ಪ್ರಯೋಗದ ವಯಸ್ಸಿಗೆ ಬಂದಿರುತ್ತದೆ. ಮುಂದಿನ ತಿಂಗಳುಗಳಲ್ಲಿ ಅದರ ಕಿವಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬುದು ಮನೆಯಲ್ಲಿ ಯಾವ ನುಡಿ ಬೀಳುತ್ತದೆ ಎಂಬುದರ ಮೇಲೆ ನಿಂತಿದೆ. ದಿನಾ ಫೋನಿನಲ್ಲಿ ಕೇಳುವ ಅಜ್ಜಿಯ ಲಾಲಿ ಇದಕ್ಕೆ ಸಾಲುತ್ತದೆಯೋ ಎಂದು ಯೋಚಿಸುತ್ತೇನೆ.

ಬಿಟ್ಟದ್ದು ಪೂರ್ತಿ ಅಳಿಸಿಹೋಗುತ್ತದೆಯೇ? ವರ್ಕರ್ ಮತ್ತು ಟೀಸ್ ಈ ಪ್ರಶ್ನೆಯನ್ನು ಇಂಗ್ಲಿಷ್ ಮಾತಾಡುವ ದೊಡ್ಡವರ ಮುಂದೆಯೂ ಇಟ್ಟರು. ಎರಡು ಸದ್ದುಗಳ ನಡುವೆ ಒಂದೂವರೆ ಸೆಕೆಂಡು ಬಿಟ್ಟಾಗ ಕಷ್ಟವಾದದ್ದು, ಆ ಅಂತರವನ್ನು ಅರ್ಧ ಸೆಕೆಂಡಿಗೆ ಇಳಿಸಿದಾಗ ಅವರಿಗೂ ಸಿಕ್ಕಿತು. ಒಂದೇ ಎಂದು ಬದುಕಿಡೀ ಕೇಳಿಸಿಕೊಂಡ ಎರಡು ಅಕ್ಷರಗಳ ನಡುವಿನ ಸಂದು ಅವರ ಕಿವಿಯಲ್ಲಿ ಅಷ್ಟು ವರ್ಷ ಹಾಗೆಯೇ ಇತ್ತು. ಇದೆಯಾ ಎಂದು ಅದನ್ನು ಸರಿಯಾಗಿ ಕೇಳಿದವರಿರಲಿಲ್ಲ.